ಹಗ್ಗಕ್ಕಾಗಿ ಕಾದವರು

ಮಳೆ ಬರಬಹುದಿತ್ತು. ಮಳೆ ಬರದೆ ಬಿಸಿಲೇ ಹೆಚ್ಚಾಗಿ ಶಾಮಿಯಾನದ ಕೆಳಗೆ ಯಾರಾದರೂ ಹಿರಿಯರು ತಲೆ ಸುತ್ತಿ ಬೀಳಬಹುದಿತ್ತು. ಮೈಕು ಕಿರುಚಬಹುದಿತ್ತು, ಅಥವಾ ಪೂರ್ತಿ ಸುಮ್ಮನಾಗಬಹುದಿತ್ತು. ಮುಖ್ಯ ಅತಿಥಿ ಬಾರದೆ ಹೋಗಬಹುದಿತ್ತು. ಅದಕ್ಕಿಂತ ಕಷ್ಟವೆಂದರೆ, ಹೇಳಿದ ಹೊತ್ತಿಗೇ ಬಂದು ಖಾಲಿ ಕುರ್ಚಿಗಳನ್ನು ನೋಡುತ್ತ ಕೂರಬಹುದಿತ್ತು. ಪಾರ್ಕಿಗೆ ಗೇಟು ಇರಲಿಲ್ಲವಾದ್ದರಿಂದ ಹಿಂದಿನ ಬೀದಿಯ ಹಸು ಒಳಗೆ ಬಂದು ಹಾರಗಳನ್ನು ತಿನ್ನಬಹುದಿತ್ತು. ಸ್ವಾತಂತ್ರ್ಯ ದಿನಾಚರಣೆಗೆ ತಿಂದಿತ್ತು ಕೂಡ. ಸಿಮೆಂಟು ಹಾಕಿ ನಾಲ್ಕೇ ದಿನವಾಗಿದ್ದ ನೆನಪಿನ ಕಲ್ಲು, ಪರದೆ ಎಳೆದ ರಭಸಕ್ಕೆ ಪರದೆಯ ಜೊತೆಯಲ್ಲೇ ಇಳಿದು ಅತಿಥಿಯ ಪಾದ ಸೇರಬಹುದಿತ್ತು. ಸತ್ತವರ ಹೆಂಡತಿ ಬಾರದೆ ಇರಬಹುದಿತ್ತು. ಬಂದು ಅಳಬಹುದಿತ್ತು. ಅಳದೆಯೂ ಇರಬಹುದಿತ್ತು, ಆಗ ನಮ್ಮ ಬ್ಲಾಕಿನ ಜನ ಒಂದು ವಾರ ಅದನ್ನೇ ಮಾತಾಡುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಸಂಘದ ಅಧ್ಯಕ್ಷರು ಹಳೆಯ ಭಾಷಣವನ್ನೇ ಜೇಬಿನಿಂದ ತೆಗೆದು, ಸತ್ತವರು ಕೆಲಸ ಮಾಡಿದ್ದ ಇಲಾಖೆಯ ಅಧಿಕಾರಿಗಳು ಮುಂದಿನ ಸಾಲಿನಲ್ಲಿ ಕೂತಿರುವಾಗ, ಮೂರು ಪದಗಳನ್ನು ಓದಿಬಿಡಬಹುದಿತ್ತು. ಆ ಮೂರು ಪದ ನನ್ನವು.

ಇದನ್ನೆಲ್ಲ ನಾನು ಕಾರ್ಖಾನೆಯ ಅಪಘಾತ ವರದಿಯ ಫಾರಮ್ಮಿನ ಬೆನ್ನ ಮೇಲೆ ನಂಬರು ಹಾಕಿ ಬರೆದಿಟ್ಟುಕೊಂಡಿದ್ದೆ. ನನ್ನ ಹೆಂಡತಿ ಅದನ್ನು ಮೊದಲಿನಿಂದ ಕೊನೆಯವರೆಗೆ ಓದಿ, "ಭೂಕಂಪ ಬಿಟ್ಟಿದೀರಲ್ಲ" ಅಂದಳು. ಸೇರಿಸಿದೆ.

ಎಪ್ಪತ್ತರ ದಶಕದ ಮೊದಲ ಭಾಗದ ಮಾತಿದು. ಆಗ ನನಗೆ ನಲವತ್ತಮೂರು, ಈಗ ಐವತ್ತರ ಹತ್ತಿರ. ಚಿಂತೆಯ ವಿಷಯದಲ್ಲಿ ಮಾತ್ರ ನಾನು ಹುಟ್ಟಿದಾಗಿನಿಂದ ಒಂದೇ ವಯಸ್ಸಿನವನು. ರಾಜಾಜಿನಗರದ ಒಂದು ಕಾರ್ಖಾನೆಯಲ್ಲಿ ಸುರಕ್ಷತಾ ವಿಭಾಗದ ಗುಮಾಸ್ತನಾಗಿದ್ದೆ. ಗೋಡೆಗಳ ಮೇಲೆ ಬರೆಸುವ ಎಚ್ಚರಿಕೆಯ ಮಾತುಗಳನ್ನು ಹೊಸೆಯುವುದು, ಯಾರಿಗಾದರೂ ಪೆಟ್ಟಾದರೆ ವರದಿ ಟೈಪು ಮಾಡುವುದು ನನ್ನ ಕೆಲಸ. ಚಿಂತೆ ಮಾಡುವುದಕ್ಕೆ ಸಂಬಳ ಕೊಡುವ ಕೆಲಸ ಊರಿನಲ್ಲಿ ಅದೊಂದೇ ಇದ್ದಿರಬೇಕು. ಬರೆಯಲು ಬರುತ್ತದೆ ಎಂಬ ಕಾರಣಕ್ಕೆ ನಮ್ಮ ಬ್ಲಾಕಿನ ನಿವಾಸಿಗಳ ಸಂಘಕ್ಕೂ ನನ್ನನ್ನೇ ಕಾರ್ಯದರ್ಶಿ ಮಾಡಿದ್ದರು.

ನಮ್ಮ ಪಕ್ಕದ ಅಡ್ಡರಸ್ತೆಯಲ್ಲಿ ಅಗ್ನಿಶಾಮಕ ದಳದವರೊಬ್ಬರು ಬಾಡಿಗೆಗಿದ್ದರು. ದಾವಣಗೆರೆ ಕಡೆಯವರು. ಹಣೆಗೆ ವಿಭೂತಿ, ಇಸ್ತ್ರಿ ಮಾಡಿದ ಖಾಕಿ, ಸೈಕಲ್ಲು. ಸೈಕಲ್ಲಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದವರು ತಿರುಗಿ ಬಂದು ಬೀಗ ಎಳೆದು ನೋಡುತ್ತಿದ್ದರು. ಅದನ್ನು ನಾನು ಗಮನಿಸಿದ್ದೆ, ಯಾಕೆಂದರೆ ನಾನೂ ಅದನ್ನೇ ಮಾಡುತ್ತಿದ್ದೆ. ಒಂದೊಂದು ಸಲ ಇಬ್ಬರೂ ಒಂದೇ ಅಂಗಡಿಯ ಮುಂದೆ ಒಬ್ಬರನ್ನೊಬ್ಬರು ನೋಡದ ಹಾಗೆ ನಟಿಸುತ್ತ ನಮ್ಮ ನಮ್ಮ ಬೀಗ ಎಳೆದು ನೋಡಿದ್ದುಂಟು.

ಒಂದು ರಾಜ್ಯೋತ್ಸವಕ್ಕೆ ನೀರಿನ ಟ್ಯಾಂಕಿನ ಮೇಲೆ ಬಾವುಟ ಕಟ್ಟಿ ದೀಪದ ಸರ ಇಳಿಬಿಡಬೇಕೆಂದು ಸಂಘದಲ್ಲಿ ತೀರ್ಮಾನವಾಯಿತು. ಏಣಿ ಹತ್ತುವುದೇ ಕಸುಬಾದವರು ಬ್ಲಾಕಿನಲ್ಲೇ ಇದ್ದಾರಲ್ಲ ಎಂದು ಅವರನ್ನು ಕರೆದೆವು. ಬಂದರು. ಟ್ಯಾಂಕಿನ ಕಬ್ಬಿಣದ ಮೆಟ್ಟಿಲನ್ನು ಕೈಯಿಂದ ಅಲ್ಲಾಡಿಸಿ ನೋಡಿ, ಹಗ್ಗ ಇದೆಯಾ ಎಂದು ಕೇಳಿದರು. ಇರಲಿಲ್ಲ. "ಠಾಣೆಯಿಂದ ತರಿಸ್ತೀನಿ ಸರ್, ಹಗ್ಗ ಬರ್ಲಿ" ಎಂದು ಕಟ್ಟೆಯ ಮೇಲೆ ಕೂತುಬಿಟ್ಟರು. ಮುಕ್ಕಾಲು ಗಂಟೆ ಕಾದೆವು. ಬೆಂಕಿಗೆ ನುಗ್ಗುವವರೇ ಮೆಟ್ಟಿಲಿಗೆ ಹೆದರಿದರೆ ನಮ್ಮಂಥವರ ಗತಿಯೇನು ಎಂದು ನಾನೇ ಒಂದು ಮಾತು ಬಿಟ್ಟೆ. ಎಲ್ಲರೂ ನಕ್ಕರು. ಅವರೂ ಸ್ವಲ್ಪ ನಕ್ಕರು. ಹಗ್ಗ ಬಂತು, ಸೊಂಟಕ್ಕೆ ಕಟ್ಟಿಕೊಂಡರು, ಹತ್ತಿದರು, ಬಾವುಟ ಕಟ್ಟಿದರು, ಇಳಿದು ಕಾಫಿ ಕುಡಿದು ಹೋದರು.

ಮರುವರ್ಷದ ಬೇಸಿಗೆಯಲ್ಲಿ ಅವರು ಸತ್ತರು. ವಿಜಯನಗರದಾಚೆ ಮೂಡಲಪಾಳ್ಯದ ದಿಕ್ಕಿನಲ್ಲಿ ತೋಟಗಳನ್ನು ಸೈಟು ಮಾಡುತ್ತಿದ್ದ ಕಾಲ. ಮನೆ ಕಟ್ಟುವವರಿಗೆ ನೀರು ಬೇಕೆಂದು ಒಂದು ಹಳೆಯ ಬಾವಿಯ ಹೂಳು ತೆಗೆಯಲು ಇಳಿದ ಕೂಲಿಯೊಬ್ಬ ಕೆಳಗೇ ಕುಸಿದಿದ್ದ. ಫೈರ್ ಇಂಜಿನ್ ಬಂತು. ಅವರ ಕ್ರಮದಂತೆ ಮೊದಲು ಹೊತ್ತಿಸಿದ ಲಾಂದ್ರವನ್ನು ಬಾವಿಗೆ ಇಳಿಬಿಟ್ಟು ನೋಡಿದರು. ಕೆಳಗೆ ಗಾಳಿ ಕೆಟ್ಟಿದ್ದರೆ ದೀಪ ಕುಗ್ಗುತ್ತದೆ. ದೀಪ ಉರಿಯುತ್ತಲೇ ಇತ್ತು. ಇವರು ಇಳಿದು ಕೂಲಿಯವನಿಗೆ ಹಗ್ಗ ಕಟ್ಟಿ ಮೇಲಕ್ಕೆ ಕಳಿಸಿದರು. ಅಷ್ಟು ಹೊತ್ತಿನ ತುಳಿದಾಟಕ್ಕೆ ಹೂಳಿನಡಿಯ ವಿಷಗಾಳಿ ಎದ್ದಿತ್ತು. ಅವರ ಹಗ್ಗ ಎಳೆಯುವ ಹೊತ್ತಿಗೆ ಹಗ್ಗದ ಆ ತುದಿಯಲ್ಲಿ ಭಾರ ಮಾತ್ರ ಉಳಿದಿತ್ತು. ಕೂಲಿಯವನು ಬದುಕಿದ, ಎರಡು ದಿನ ಆಸ್ಪತ್ರೆಯಲ್ಲಿದ್ದು ಊರಿಗೆ ಹೋದನಂತೆ.

ಸಂತಾಪ ಸಭೆಯಲ್ಲೇ ಪಾರ್ಕಿನ ಗೋಡೆಗೆ ಒಂದು ಕಲ್ಲು ಕೂರಿಸುವುದೆಂದು ನಿಶ್ಚಯವಾಯಿತು. ಬರಹ ನನ್ನದು. ಸಂಘದ ಸೈಕ್ಲೋಸ್ಟೈಲ್ ಪತ್ರಿಕೆಯಲ್ಲೂ ಅದನ್ನೇ ಹಾಕಿದೆ. ಎರಡು ಸಂಜೆ ಕೂತು ಬರೆದದ್ದು: ನಮ್ಮ ವೀರ, ಯಾರ ಅಪ್ಪಣೆಗೂ ಕಾಯದೆ, ಪ್ರಾಣದ ಹಂಗು ತೊರೆದು, ಕತ್ತಲ ಬಾವಿಗೆ ಧುಮುಕಿ, ಇತ್ಯಾದಿ. ಓದಿದವರು ಇನ್ನೊಂದು ಪ್ರತಿ ಕೇಳಿ ಪಡೆದರು. ನಾನೂ ಒಂದನ್ನು ಎತ್ತಿಟ್ಟುಕೊಂಡೆ. ನಾನು ಅಲ್ಲಿ ಇರಲಿಲ್ಲ, ಇದ್ದವರನ್ನು ಕೇಳಿರಲೂ ಇಲ್ಲ.

ಒಂದು ಭಾನುವಾರ ಬೆಳಿಗ್ಗೆ ಅವರ ಹೆಂಡತಿ ನಮ್ಮ ಮನೆಗೆ ಬಂದರು. ಕೈಯಲ್ಲಿ ನಾಲ್ಕಾಗಿ ಮಡಿಸಿದ ಪತ್ರಿಕೆ. ಇದನ್ನು ನೀವೇ ಬರೆದದ್ದಾ ಎಂದು ಕೇಳಿದರು. ಹೊಗಳಿಕೆ ಬಂದಾಗ ಹೇಗೆ ತಲೆ ತಗ್ಗಿಸಬೇಕೆಂದು ನನಗೆ ಅಭ್ಯಾಸವಿತ್ತು. ತಗ್ಗಿಸಿ, ಹೌದಮ್ಮ, ಏನೋ ನನಗೆ ತಿಳಿದ ಮಟ್ಟಿಗೆ, ಅಂದೆ.

"ಯಾರ ಅಪ್ಪಣೆಗೂ ಕಾಯದೆ ಅಂತ ಬರ್ದೀರಿ. ನಿಮಗೆ ಯಾರು ಹೇಳಿದ್ರು ಸರ್?"

ಯಾರೂ ಹೇಳಿರಲಿಲ್ಲ. ವಾಕ್ಯಕ್ಕೆ ಓಟ ಬೇಕಿತ್ತು, ಹಾಕಿದ್ದೆ. ಅದನ್ನು ಹೇಗೆ ಹೇಳುವುದೆಂದು ಯೋಚಿಸುವಷ್ಟರಲ್ಲಿ ಅವರೇ ಮುಂದುವರಿಸಿದರು. ಇಲಾಖೆಯಲ್ಲಿ ವಿಚಾರಣೆ ನಡೆಯುತ್ತಿತ್ತು. ಉಸಿರಾಟದ ಮುಖವಾಡದ ಸೆಟ್ಟು ಆ ಹೊತ್ತು ಇನ್ನೊಂದು ಗಾಡಿಯಲ್ಲಿ ಬೇರೆ ಕಡೆ ಹೋಗಿತ್ತು. ಅದಿಲ್ಲದೆ ಇವರು ಮೇಲಿನವರ ಅಪ್ಪಣೆಯ ಮೇಲೆ ಇಳಿದರೋ, ತಾವಾಗಿಯೇ ಇಳಿದರೋ ಎಂಬುದೇ ಪ್ರಶ್ನೆ. ತಾವಾಗಿ ಇಳಿದಿದ್ದರೆ ತಪ್ಪು ಅವರದೇ. ಹೆಂಡತಿಗೆ ಇಲಾಖೆಯ ಕಚೇರಿಯಲ್ಲಿ ಕೊಡಬಹುದೆಂದಿದ್ದ ಕೆಲಸ ಅಲ್ಲಿಗೆ ನಿಂತಂತೆ. ನಮ್ಮ ಪತ್ರಿಕೆಯ ಒಂದು ಪ್ರತಿ ಯಾರದೋ ಮೂಲಕ ಆ ಫೈಲಿಗೂ ಹೋಗಿತ್ತು.

ಹದಿನೇಳು ವರ್ಷದಿಂದ ಅಪಘಾತ ವರದಿ ಟೈಪು ಮಾಡಿದವನು ನಾನು. 'ಮೇಲಿನವರ ಅಪ್ಪಣೆ ಇಲ್ಲದೆ' ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಹೊಡೆದರೆ ಕೈ ಕಳೆದುಕೊಂಡವನ ಅರ್ಜಿ ಯಾವ ಕಟ್ಟಿಗೆ ಹೋಗುತ್ತದೆಂದು ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅದೇ ಸಾಲನ್ನು ಕನ್ನಡದಲ್ಲಿ, ಪ್ರಾಸ ನೋಡಿಕೊಂಡು, ಸತ್ತ ಮನುಷ್ಯನ ಮೇಲೆ ಹೊಗಳಿಕೆಯೆಂದು ಹೊರಿಸಿದ್ದೆ.

"ಹೇಳದೆ ಕೇಳದೆ ಇಳಿಯೋ ಮನುಷ್ಯ ಅಲ್ರಿ ಅವರು" ಅಂದರು ಆಕೆ. "ಟ್ಯಾಂಕ್ ಹತ್ತಾಕ ಹಗ್ಗ ಬೇಕು ಅಂದಿದ್ದಕ್ಕ ನೀವೆಲ್ಲ ನಕ್ಕಿದ್ರಲ್ಲ, ಮನಿಗೆ ಬಂದು ಹೇಳಿದ್ರು."

ನನ್ನ ಹೆಂಡತಿ ಕಾಫಿ ತಂದವಳು ಒಳಗೆ ಹೋಗದೆ ಅಲ್ಲೇ ಕೂತಳು. ನಾನು ಆ ಮೂರು ಪದ ತೆಗೆಸುತ್ತೇನೆ ಎಂದೆ. ವೀರ ಅನ್ನುವುದಂತೂ ಇರುತ್ತದೆ ಎಂದು ಸಮಾಧಾನಕ್ಕೆ ಸೇರಿಸಿದೆ. ಆಕೆ ಲೋಟ ಕೆಳಗಿಟ್ಟರು.

"ವೀರ ಅಂದ್ರ ಹೆದರದೇ ಇರೋರು ಅಂತ ಜನ ತಿಳ್ಕೊಳ್ತಾರ. ಅವರು ದಿನಾ ಹೆದರ್ತಿದ್ರು ಸರ್. ಹೆದರ್ಕೊಂಡೇ ಡ್ಯೂಟಿಗೆ ಹೋಗೋರು. ಎಲ್ಲಾ ನೋಡಿ, ಎಲ್ಲಾ ಕೇಳಿ, ಆಮೇಲೆ ಹೋಗೋರು. ಈಗ ವೀರ ಅಂದುಬಿಟ್ರ, ಆ ಸೆಟ್ಟು ಎಲ್ಲಿತ್ತು ಅಂತ ಯಾರು ಕೇಳ್ತಾರ?"

ಅವರು ಹೋದ ಮೇಲೆ ನನ್ನ ಹೆಂಡತಿ ಲೋಟ ಎತ್ತುತ್ತ, "ಪ್ರಪಂಚಕ್ಕೆಲ್ಲ ಏನೇನಾಗುತ್ತೋ ಅಂತ ಚಿಂತೆ ಮಾಡ್ತೀರಿ, ನೀವು ಬರೆದದ್ದರಿಂದ ಏನಾಗುತ್ತೆ ಅಂತ ಮಾತ್ರ ಹೊಳೀಲಿಲ್ಲ" ಅಂದಳು. ನನ್ನ ಪಟ್ಟಿಗಳಲ್ಲಿ ನಾನೇ ಎಂದೂ ಇರುತ್ತಿರಲಿಲ್ಲ, ನಿಜ.

ಅಂದೇ ಸೈಕಲ್ಲು ತೆಗೆದುಕೊಂಡು ಮಾಗಡಿ ರಸ್ತೆಗೆ ಹೋದೆ. ಕಲ್ಲು ಕೆತ್ತುವವನು ಒರಳು, ರುಬ್ಬುಗುಂಡು, ಸಮಾಧಿಯ ಕಲ್ಲು ಎಲ್ಲವನ್ನೂ ಒಂದೇ ಚಪ್ಪರದ ಕೆಳಗೆ ಮಾಡುತ್ತಿದ್ದ. ನಮ್ಮ ಕರಿಕಲ್ಲಿನಲ್ಲಿ 'ವೀರ' ದೊಡ್ಡದಾಗಿ ಮುಗಿದಿತ್ತು. ಕೆಳಗಿನ ಸಾಲಿನಲ್ಲಿ 'ಯಾರ ಅಪ್ಪಣೆಗೂ' ತನಕ ಉಳಿ ನಡೆದಿತ್ತು; 'ಕಾಯದೆ' ಇನ್ನೂ ಸೀಮೆಸುಣ್ಣದಲ್ಲಿತ್ತು. ನಾನು ಅಳಿಸಬೇಕೆಂದಾಗ ಅವನು ನನ್ನನ್ನು ಕನಿಕರದಿಂದ ನೋಡಿದ.

"ಕಲ್ಲಲ್ಲಿ ರಬ್ಬರ್ ಉಜ್ಜಕಾಗಲ್ಲ ಸಾರ್. ತಿರುಗ್ಸಿ ಕೆತ್ತುಬುಡ್ತೀನಿ. ಬೆನ್ನು ಚೆನ್ನಾಗೈತೆ. ಗೋಡೆಗೆ ತಾನೆ ಕೂರ್ಸೋದು, ಒಳಗೆ ಏನೈತೆ ಅಂತ ಯಾರ್ ನೋಡ್ತಾರೆ?"

ಇದು ಅವರಲ್ಲಿ ಮಾಮೂಲಂತೆ. ದಾನಿಗಳು ಜಗಳವಾಡಿಕೊಂಡರೆ ದೇವಸ್ಥಾನದ ಕಲ್ಲುಗಳನ್ನು ಹೀಗೇ ಮಗುಚುತ್ತಾರಂತೆ. ಅವನ ಊರು ಮೂಡಲಪಾಳ್ಯ. ಅಲ್ಲಿ ಒಂದು ಹಳೇ ವೀರಗಲ್ಲು ಇದೆ, ಕತ್ತಿ ಹಿಡಿದವನು ಮುಖ ಕೆಳಗೆ ಹಾಕಿ ಮಲಗಿದ್ದಾನೆ, ಬೆನ್ನಿನ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಾರೆ, ಯಾರವನು, ಯಾವ ಕಾಳಗ, ಒಬ್ಬರಿಗೂ ಗೊತ್ತಿಲ್ಲ ಎಂದ. ಬಟ್ಟೆ ಚೆನ್ನಾಗಿ ಬೆಳ್ಳಗಾಗುತ್ತವಂತೆ.

ಅಧ್ಯಕ್ಷರನ್ನು ಒಪ್ಪಿಸುವುದು ಕಲ್ಲು ಮಗುಚಿದಷ್ಟು ಸುಲಭವಾಗಲಿಲ್ಲ. ಕಂದಾಯ ಇಲಾಖೆಯಿಂದ ನಿವೃತ್ತರಾದವರು. ಭಾಷಣ ಆಗಲೇ ಸಿದ್ಧವಾಗಿತ್ತು, ನನ್ನ ವಾಕ್ಯವೇ ಅದರ ಕಳಸ. ಕಲ್ಲಿನಿಂದ ಮೂರು ಪದ ಬಿಡಲು ಗೊಣಗುತ್ತ ಒಪ್ಪಿದರು. ವೀರನನ್ನು ಬಿಡಲು ಒಪ್ಪಲಿಲ್ಲ. ಕೆಲಸಕ್ಕೆ ಹೋಗಿ ಸತ್ತವರಿಗೆಲ್ಲ ಕಲ್ಲು ನೆಟ್ಟರೆ ಪಾರ್ಕಿನಲ್ಲಿ ಮಕ್ಕಳು ಎಲ್ಲಿ ಆಡಬೇಕು ಎಂದು ಕೇಳಿದರು. ನಾನು ಆಕೆ ಹೇಳಿದ್ದನ್ನು ಹೇಳಿದೆ: ಅವರು ಹೆದರುತ್ತಿದ್ದರು.

"ಹೆದರ್ಕೊಂಡೂ ಇಳಿದ್ರಲ್ಲ ಕಾರ್ಯದರ್ಶಿಗಳೇ, ಅದೇ ಅಲ್ವೇನ್ರೀ ವೀರ ಅನ್ನೋದು? ನೀವು ಇಳೀತಿದ್ರಾ? ನಾನಂತೂ ಇಳೀತಿರ್ಲಿಲ್ಲ."

ಗುರುತಿಲ್ಲದ ಒಬ್ಬ ಕೂಲಿಗಾಗಿ ಬಾವಿಗೆ ಇಳಿಯುವುದಕ್ಕೆ ಏನಾದರೂ ಒಂದು ಹೆಸರು ಬೇಕು ಎಂದು ಅವರು ಹೇಳಿದ್ದು ಸುಳ್ಳಲ್ಲ. ಹೆಸರು ಕೊಟ್ಟ ಕೂಡಲೇ ಕೊಟ್ಟವರು ಕೈ ತೊಳೆದುಕೊಂಡು ಮನೆಗೆ ಹೋಗುತ್ತಾರೆ ಎಂದು ಆಕೆ ಹೇಳಿದ್ದೂ ಸುಳ್ಳಲ್ಲ. ಹಾಗೆ ಹೋದವರಲ್ಲಿ ನಾನೇ ಮೊದಲಿಗ. ಎರಡೂ ಸರಿ ಎಂದರೆ ಸಭೆಯಲ್ಲಿ ಮತ ಹಾಕಲು ಬರುವುದಿಲ್ಲ. ಸತ್ತವರ ಹೆಂಡತಿಯ ಮಾತೇ ಕೊನೆಯ ಮಾತು ಎಂದು ಬರೆದುಕೊಂಡು ಎದ್ದೆವು. ಅಧ್ಯಕ್ಷರು ನಡಾವಳಿಗೆ ಸಹಿ ಮಾಡಿದರು. ಭಾಷಣ ಬದಲಿಸುತ್ತೇನೆಂದು ಮಾತ್ರ ಹೇಳಲಿಲ್ಲ.

ಬಾವಿಯ ಹತ್ತಿರ ಅಂದು ಮೇಲುಸ್ತುವಾರಿ ಇದ್ದವರನ್ನು ಅವರ ಠಾಣೆಯ ಎದುರಿನ ಹೋಟೆಲಿನಲ್ಲಿ ಭೇಟಿಯಾದೆ. ನನಗಿಂತ ದೊಡ್ಡವರು, ಮೀಸೆ ನರೆತಿತ್ತು. ನಾನು ಯಾರೆಂದು ಹೇಳಿದಾಗ ಪತ್ರಿಕೆಯ ವಿಷಯ ಅವರಿಗೆ ಗೊತ್ತಿತ್ತು. ವಿಚಾರಣೆಯಲ್ಲಿ ಅವರ ಹೇಳಿಕೆ ಮುಂದಿನ ತಿಂಗಳಿತ್ತು. ಸತ್ತವನ ಬಡಾವಣೆಯವರೇ ಹೀಗೆ ಅಚ್ಚು ಹಾಕಿರುವಾಗ ನೀನೂ ಹಾಗೇ ಬರೆದುಕೊಟ್ಟು ಪಾರಾಗು ಎಂದು ಸ್ನೇಹಿತರು ಬುದ್ಧಿ ಹೇಳುತ್ತಿದ್ದರಂತೆ. ಆರಿದ ಟೀಯನ್ನು ಒಂದೇ ಗುಟುಕಿಗೆ ಕುಡಿದು ಲೋಟ ಕೆಳಗಿಟ್ಟರು.

"ಎರಡು ಸಲ ಕೇಳ್ದ ಸಾರ್. ಸೆಟ್ ಬರೋವರ್ಗೂ ಕಾಯೋಣ್ವಾ ಅಂತ. ಅಷ್ಟೊತ್ತಿಗೆ ಕೆಳಗಿರೋನು ಹೋಗ್ಬಿಡ್ತಾನೆ, ಇಳಿ ಅಂದೆ. ನಾನೇ ಅಂದೆ."

ಪತ್ರಿಕೆಯ ಆ ಮಾತನ್ನು ವಾಪಸು ತೆಗೆದುಕೊಳ್ಳಲು ಆಗುತ್ತದಾ ಎಂದು ಕೇಳಿದರು. ಅದು ಅಲ್ಲಿ ಇರುವ ತನಕ ತಮಗೂ ತಪ್ಪಿಸಿಕೊಳ್ಳಲು ಒಂದು ಬಾಗಿಲು ತೆರೆದಿರುತ್ತದೆ, ಅದು ಬೇಡ ಎಂದರು. ಅಂದು ಸಂಜೆ ಸಂಘದ ಕಾಗದದಲ್ಲಿ ವಿಚಾರಣೆಯ ಅಧಿಕಾರಿಗಳಿಗೆ ಬರೆದೆ: ಸದರಿ ಮಾತುಗಳು ಬರೆದವನ ಕಲ್ಪನೆ, ಅವನು ಸ್ಥಳದಲ್ಲಿ ಇರಲಿಲ್ಲ, ಯಾರನ್ನೂ ವಿಚಾರಿಸಿರಲಿಲ್ಲ. ಸಹಿ ಹಾಕಿ ಮೊಹರು ಒತ್ತಿದೆ. ನಾನು ಬರೆದವುಗಳಲ್ಲಿ ತಿದ್ದದೆ ಕಳಿಸಿದ್ದು ಅದೊಂದೇ.

ಹೊಸ ಬರಹವನ್ನು ಆಕೆಯ ಮುಂದೆ ಓದಿದೆ. ಬಾವಿಗೆ ಬಿದ್ದವರೊಬ್ಬರನ್ನು ಎತ್ತುವ ಕೆಲಸದಲ್ಲಿದ್ದಾಗ ತೀರಿಕೊಂಡರು, ಮೇಲೆ ಬಂದವರು ಬದುಕಿದರು, ಈ ರಸ್ತೆಯಲ್ಲಿ ಇಷ್ಟು ವರ್ಷ ವಾಸವಾಗಿದ್ದರು. ಅಷ್ಟೇ. ಆಕೆ ಕೂಲಿಯವನು ಬಿದ್ದದ್ದಲ್ಲ, ಕೆಲಸಕ್ಕೆ ಇಳಿದದ್ದು ಎಂದು ತಿದ್ದಿದರು.

ಸಮಾರಂಭಕ್ಕೆ ಬರೋಣ. ಮಳೆ ಬರಲಿಲ್ಲ. ಹಸುವನ್ನು ಅದರ ಮನೆಯವರು ಕಟ್ಟಿಹಾಕಿದ್ದರು. ಹಿಂದಿನ ದಿನವೇ ಹೋಗಿ ಕೇಳಿಕೊಂಡಿದ್ದೆ. ಮೈಕು ಸರಿಯಾಗಿತ್ತು. ಅತಿಥಿ ಸಾಕಷ್ಟು ತಡವಾಗಿ ಬಂದರು. ವಿಚಾರಣೆ ಇನ್ನೂ ಮುಗಿದಿರಲಿಲ್ಲ. ಅದರ ಅಧಿಕಾರಿಯೊಬ್ಬರು ಮುಂದಿನ ಸಾಲಿನಲ್ಲಿ ಕೂತಿದ್ದರು, ಎರಡು ಕುರ್ಚಿ ಆಚೆ ನರೆಮೀಸೆಯವರು, ಅವರ ಆಚೆ ಆಕೆ. ಅಧ್ಯಕ್ಷರು ಎದ್ದು ಜೇಬಿನಿಂದ ಕಾಗದ ತೆಗೆದರು. ಮಡಿಕೆಯಲ್ಲಿ ಸವೆದ ಅದೇ ಹಳೆಯ ಕಾಗದ. ನನ್ನ ಪಟ್ಟಿಯಲ್ಲಿ ಅದು ಹನ್ನೊಂದನೆಯದು.

ನಮ್ಮ ಬ್ಲಾಕಿನ ನೆರೆಯವರು, ನಿಷ್ಠಾವಂತರು ಎಂದೆಲ್ಲ ಓದುತ್ತ ಬಂದರು. "ಯಾರ" ಎಂದರು. ನಿಂತರು. ಆಕೆಯ ಕಡೆ ನೋಡಿದರು. ಆಕೆ ಅವರನ್ನು ನೋಡುತ್ತಿರಲಿಲ್ಲ, ಮಡಿಲಲ್ಲಿದ್ದ ತಮ್ಮ ಕೈ ನೋಡುತ್ತಿದ್ದರು. ಅಧ್ಯಕ್ಷರು ಕನ್ನಡಕ ತೆಗೆದು ಕಾಗದ ಮಡಿಸಿದರು.

"ಯಾರ ಮನೆಯಲ್ಲಿ ಕಷ್ಟ ಅಂದ್ರೂ ಹೋಗೋದು ಅವರ ಕೆಲಸ ಆಗಿತ್ತು. ಅವತ್ತೂ ಹೋಗಿದ್ರು" ಎಂದು ಕೂತುಬಿಟ್ಟರು. ಅವರ ಜೀವಮಾನದಲ್ಲೇ ಅಷ್ಟು ಚಿಕ್ಕ ಭಾಷಣ ಅವರು ಮಾಡಿರಲಾರರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ನರೆಮೀಸೆಯವರು ನನ್ನೊಡನೆ ಹೇಳಿದ್ದನ್ನೇ ವಿಚಾರಣೆಯಲ್ಲೂ ಹೇಳಿದರು. ಅವರನ್ನು ಬೇರೆ ಊರಿಗೆ ವರ್ಗ ಮಾಡಿದರು ಎಂದು ಕೇಳಿದೆ. ಆಕೆಗೆ ಕಚೇರಿಯಲ್ಲಿ ಕೆಲಸವಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಬಸ್‌ಸ್ಟಾಪಿನಲ್ಲಿ ಈಗಲೂ ಕಾಣುತ್ತಾರೆ. ಕಲ್ಲು ಗೋಡೆಯಲ್ಲಿದೆ. ವೀರ ಇಟ್ಟಿಗೆಯ ಕಡೆ ಮುಖ ಮಾಡಿಕೊಂಡಿದ್ದಾನೆ, 'ಯಾರ ಅಪ್ಪಣೆಗೂ' ಎಂಬುದು ಅವನ ಕೆಳಗೆ ಅರ್ಧಕ್ಕೆ ನಿಂತಿದೆ.

ಸಮಾರಂಭದಲ್ಲಿ ತಪ್ಪಿದ್ದು ಒಂದೇ. ಹಿಂದಿನ ಸಂಜೆ ಗಾಳಿ ಬೀಸಿದ್ದರಿಂದ, ಪರದೆ ಹೊತ್ತಿಗೆ ಮುಂಚೆಯೇ ಬಿದ್ದುಹೋದೀತೆಂದು ನಾನು ಅದರ ದಾರವನ್ನು ಮೊಳೆಗೆ ಬಿಗಿದಿದ್ದೆ. ಬೆಳಿಗ್ಗೆ ಬಂದು ಅದರ ಮೇಲೆ ಇನ್ನೆರಡು ಗಂಟು ಹಾಕಿದ್ದೆ. ಅತಿಥಿ ಎಳೆದರು, ಪರದೆ ಬರಲಿಲ್ಲ. ಇನ್ನೂ ಜೋರಾಗಿ ಎಳೆದರು, ಗಂಟು ಇನ್ನೂ ಬಿಗಿಯಾಯಿತು. ಕೈ ತಟ್ಟಲು ಎತ್ತಿದ ಕೈಗಳು ಹಾಗೇ ನಿಂತವು. ನರೆಮೀಸೆಯವರು ಎದ್ದು ಜೇಬಿನಿಂದ ಚಾಕು ತೆಗೆದರು. ಆಕೆ, "ಕೊಯ್ಬ್ಯಾಡ್ರಿ" ಎಂದು ತಾವೇ ಬಂದು ಗೋಡೆಯ ಹತ್ತಿರ ನಿಂತು ಉಗುರಿನಿಂದ ಗಂಟು ಬಿಡಿಸತೊಡಗಿದರು. ಎಲ್ಲರೂ ಕಾದೆವು. ಒಂದು ಬಿಚ್ಚಿತು, ಎರಡು ಬಿಚ್ಚಿತು.

"ಯಾರು ಸರ್ ಹಾಕಿದ್ದು ಇದನ್ನ?"

ನಾನು ಎಂದೆ.

"ಒಂದು ಸಾಕಿತ್ತು" ಅಂದರು, ಮೂರನೆಯದಕ್ಕೆ ಉಗುರು ಹಾಕುತ್ತ. "ಅವರೂ ಮೂರು ಹಾಕೋರು."